ಮೂವತ್ತಾರು ಖಾಲಿ ಚೌಕ, ಆಮೇಲೆ ಒಂದು ಇ5: 1959ರ ಒಂದು ಬೇಸ್‌ಬಾಲ್ ಮ್ಯಾಚ್ ಬಗ್ಗೆ ಮಾತಾಡಿದ್ದು

ಮೊನ್ನೆ ಭಾನುವಾರ ಸಂಜೆ ನಾವು ಸ್ಕೋರರ್‌ಗಳು ಒಂದಿಪ್ಪತ್ತು ಜನ ಸೇರಿದ್ವಿ. ಅಲ್ಲಿ ನಾನು ಮಾತಾಡಿದ್ದನ್ನ ಬರೆದು ಹಾಕಿ ಅಂತ ಮೂರ್ನಾಲ್ಕು ಜನ ಕೇಳಿದ್ರು, ಅದಕ್ಕೆ ಬರೀತಿದೀನಿ. ಮಾತಾಡಿದ ಹಾಗೇ ಇದೆ, ಜಾಸ್ತಿ ತಿದ್ದಿಲ್ಲ, ಮಧ್ಯೆ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಮೊದಲು ಫಲಿತಾಂಶ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತಿನ ಮಾತು ಪೂರ್ತಿ ಆ ಒಂದು ಸಾಲಿನ ಮೇಲೇ ಇದೆ. 1959ನೇ ಇಸವಿ ಮೇ 26, ಮಂಗಳವಾರ ರಾತ್ರಿ, ಅಮೆರಿಕದ ಮಿಲ್ವಾಕಿ ಊರಿನ ಕೌಂಟಿ ಸ್ಟೇಡಿಯಂ. ಮಿಲ್ವಾಕಿ ಬ್ರೇವ್ಸ್ 1, ಪಿಟ್ಸ್‌ಬರ್ಗ್ ಪೈರೇಟ್ಸ್ 0, ಹದಿಮೂರು ಇನ್ನಿಂಗ್ಸ್. ಅಷ್ಟೇ. ಪುಸ್ತಕ ತೆಗೆದು ನೋಡಿದ್ರೆ ಇಷ್ಟೇ ಕಾಣ್ಸೋದು. ಪಿಚರ್ ಅಂದ್ರೆ ನಮ್ಮ ಬೌಲರ್ ಥರ, ಬ್ಯಾಟರ್‌ಗೆ ಬಾಲ್ ಹಾಕೋನು. ಗೆದ್ದ ಪಿಚರ್ ಲ್ಯೂ ಬರ್ಡೆಟ್, ಸೋತ ಪಿಚರ್ ಹಾರ್ವಿ ಹ್ಯಾಡಿಕ್ಸ್.

ಸೋತ ಆ ಹ್ಯಾಡಿಕ್ಸ್ ಆವತ್ತು ಹಾಕಿದಂಥ ಪಿಚಿಂಗ್ ಅದಕ್ಕೆ ಮುಂಚೆ ಯಾರೂ ಹಾಕಿರಲಿಲ್ಲ, ಆಮೇಲೂ ಇವತ್ತಿನವರೆಗೂ ಯಾರೂ ಹಾಕಿಲ್ಲ. ಇದನ್ನ ನಾನು ಅಭಿಮಾನಕ್ಕೆ ಹೇಳ್ತಿಲ್ಲ, ಶೀಟ್ ನೋಡ್ಕೊಂಡು ಹೇಳ್ತಿದೀನಿ.

ನಾನು ಈ ಮ್ಯಾಚ್ ಹತ್ರ ಹೇಗೆ ಬಂದೆ ಅಂತ ಹೇಳ್ಬೇಕು. ನಿಮಗೆಲ್ಲ ಗೊತ್ತಿರೋ ಹಾಗೆ ನಾನು ಲೀಗ್ ಕ್ರಿಕೆಟ್‌ಗೆ ಸ್ಕೋರ್ ಬರೀತೀನಿ. ಸುಮಾರು ವರ್ಷದ ಹಿಂದೆ ಒಂದು ಮ್ಯಾಚಲ್ಲಿ ಒಬ್ಬ ಹುಡುಗ, ಎಡಗೈ ಸ್ಪಿನ್ನರ್, ಏಳು ವಿಕೆಟ್ ತಗೊಂಡ, ಟೀಮ್ ಮಾತ್ರ ಹನ್ನೊಂದು ರನ್ನಿಂದ ಸೋತೋಯ್ತು. ಎಲ್ಲ ಬ್ಯಾಗ್ ಎತ್ಕೊಂಡು ಹೋದ್ಮೇಲೆ ಆ ಹುಡುಗ ಟೆಂಟ್ ಹತ್ರ ಬಂದು, ಸಾರ್ ನಿಮ್ಮ ಶೀಟ್ ಒಂದು ಫೋಟೋ ತಗೊಳ್ಲಾ ಅಂದ. ತಗೋ ಅಂದೆ. ಅವನು ಒಟ್ಟು ಸ್ಕೋರ್ ಇರೋ ಜಾಗದ ಫೋಟೋ ತಗೊಳ್ಳಲಿಲ್ಲ, ತನ್ನ ಹೆಸರಿನ ಮುಂದೆ ಇರೋ ಚುಕ್ಕಿಗಳ ಸಾಲಿನ ಫೋಟೋ ತಗೊಂಡ, ಒಂದೊಂದು ಓವರ್, ಒಂದೊಂದು ಚುಕ್ಕಿ, ಹತ್ರದಿಂದ, ಎರಡು ಸಲ. ಮಾರನೇ ದಿನ ಪೇಪರಲ್ಲಿ ಬಂದಿದ್ದು ಒಂದೇ ಸಾಲು, ಇವರು ಗೆದ್ರು ಅವರು ಸೋತ್ರು. ಆವತ್ತಿಂದ ನನಗೆ ಸೋತವರ ಶೀಟ್ ಓದೋ ಅಭ್ಯಾಸ ಬಂತು, ಹಾಗೆ ಓದ್ತಾ ಓದ್ತಾ ಬೇರೆ ಆಟದ ಶೀಟ್‌ಗಳೂ ಕೈಗೆ ಬಂದ್ವು, ಅದರಲ್ಲಿ ಸಿಕ್ಕಿದ್ದು ಇದು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ನಿಮಿಷ. ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಪ್ರತಿ ಟೀಮಿಗೆ ಮೂರು ಔಟ್, ಅಂದ್ರೆ ಒಂದು ಟೀಮನ್ನ ಮುಗಿಸಕ್ಕೆ ಇಪ್ಪತ್ತೇಳು ಔಟ್ ಬೇಕು. ಬ್ಯಾಟರ್ ಹೊಡೆದು ಮೊದಲ ಬೇಸ್ ಮುಟ್ಟಿದ್ರೆ ಅದು ಹಿಟ್, ಪಿಚರ್ ನಾಲ್ಕು ಬಾಲ್ ಆಚೆ ಹಾಕಿದ್ರೆ ಫ್ರೀಯಾಗಿ ಹೋಗ್ತಾನೆ ಅದು ವಾಕ್, ಫೀಲ್ಡರ್ ತಪ್ಪು ಮಾಡಿ ಹೋದ್ರೆ ಅದು ಎರರ್. ಹೊಡೆದು ಎರಡನೇ ಬೇಸ್‌ವರೆಗೆ ಹೋದ್ರೆ ಡಬಲ್, ಫೆನ್ಸ್ ಆಚೆ ಹೊಡೆದ್ರೆ ಹೋಮ್ ರನ್, ಬೇಸೆಲ್ಲ ಸುತ್ತಿ ಹೊರಟ ಜಾಗಕ್ಕೆ, ಅಂದ್ರೆ ಹೋಮಿಗೆ, ವಾಪಸ್ ಬಂದ್ರೆ ಒಂದು ರನ್. ಒಂದು ಹಿಟ್ಟೂ ಕೊಡದೆ ಮ್ಯಾಚ್ ಮುಗಿಸಿದ್ರೆ ನೋ-ಹಿಟರ್. ಹಿಟ್ ಇಲ್ಲ, ವಾಕ್ ಇಲ್ಲ, ಎರರ್ ಇಲ್ಲ, ಯಾವ ದಾರೀಲೂ ಒಬ್ಬನೇ ಒಬ್ಬ ಮೊದಲ ಬೇಸ್ ಮುಟ್ಟಲಿಲ್ಲ, ಬಂದ ಇಪ್ಪತ್ತೇಳು ಜನಾನೂ ಬಂದ ದಾರೀಲೇ ವಾಪಸ್ ಅಂದ್ರೆ ಅದು ಪರ್ಫೆಕ್ಟ್ ಗೇಮ್. ದೊಡ್ಡ ಲೀಗಲ್ಲಿ 2023ರವರೆಗೆ ಎಣಿಸಿದ್ರೂ ಅಂಥದ್ದು 24 ಮಾತ್ರ, ಅದೂ 1880ರಿಂದ ಲೆಕ್ಕ ಹಾಕಿದ್ರೆ. ಹ್ಯಾಡಿಕ್ಸ್ ಕಾಲಕ್ಕೆ ಇನ್ನೂ ಆರೇ ಆರು ಆಗಿತ್ತು, ಕೊನೇದು 1956ರಲ್ಲಿ ವರ್ಲ್ಡ್ ಸೀರೀಸಲ್ಲಿ, ಅಂದ್ರೆ ವರ್ಷದ ಕೊನೇ ಫೈನಲ್ ಸರಣೀಲಿ, ಡಾನ್ ಲಾರ್ಸನ್ ಹಾಕಿದ್ದು. ಒಂಬತ್ತು ಇನ್ನಿಂಗ್ಸ್ ಆದ್ಮೇಲೂ ಸಮ ಇದ್ರೆ ಆಟ ಮುಂದುವರಿಯುತ್ತೆ, ಹತ್ತು, ಹನ್ನೊಂದು, ಹೀಗೆ ಯಾರಾದ್ರೂ ಮುಂದೆ ಹೋಗೋವರೆಗೂ.

ಹ್ಯಾಡಿಕ್ಸ್ ಆವತ್ತು ಇಪ್ಪತ್ತೇಳು ಅಲ್ಲ, ಮೂವತ್ತಾರು ಜನರನ್ನ ಸಾಲಾಗಿ ಔಟ್ ಮಾಡ್ದ. ಹನ್ನೆರಡು ಇನ್ನಿಂಗ್ಸ್ ಪರ್ಫೆಕ್ಟ್.

ಯಾರು ಈ ಮನುಷ್ಯ ಅಂದ್ರೆ, ಒಹಾಯೊ ರಾಜ್ಯದ ಮೆಡ್‌ವೇ ಅನ್ನೋ ಸಣ್ಣ ಊರಲ್ಲಿ 1925ರಲ್ಲಿ ಹುಟ್ಟಿದವನು, ಎಡಗೈ ಪಿಚರ್, ಎತ್ತರ ಐದಡಿ ಒಂಬತ್ತಿಂಚು ಅಷ್ಟೇ, ಪಿಚರ್‌ಗಳ ಮಧ್ಯೆ ಅದು ಕುಳ್ಳು. ಕಿಟನ್ ಅಂತ ಅಡ್ಡಹೆಸರು, ಅಂದ್ರೆ ಬೆಕ್ಕಿನ ಮರಿ, ಯಾಕಂದ್ರೆ ಮೊದಲು ಆಡ್ತಿದ್ದ ಸೇಂಟ್ ಲೂಯಿಸ್ ಟೀಮಲ್ಲಿ ಹ್ಯಾರಿ ಬ್ರೆಕೀನ್ ಅಂತ ಹಳೇ ಪಿಚರ್ ಇದ್ದ, ಅವನನ್ನ ಕ್ಯಾಟ್ ಅಂತಿದ್ರು, ಇವನು ಥೇಟ್ ಅವನ ಹಾಗೇ ಇದ್ದ, ಅದಕ್ಕೆ ಮರಿ. 1953ರಲ್ಲಿ ಒಂದೇ ಸೀಸನ್‌ಗೆ 20 ಮ್ಯಾಚ್ ಗೆದ್ದಿದ್ದ. 1959ಕ್ಕೆ ವಯಸ್ಸು 33, ಆವತ್ತು ಮೈಯಲ್ಲಿ ಫ್ಲೂ ಬೇರೆ.

ಎದುರಿಗಿದ್ದ ಟೀಮ್ ಸಾಮಾನ್ಯದ್ದಲ್ಲ. ಬ್ರೇವ್ಸ್ 1957ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಟೀಮನ್ನ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತ್ತು, 1958ರಲ್ಲೂ ಲೀಗ್ ಚಾಂಪಿಯನ್. ಬ್ಯಾಟಿಂಗ್ ಸಾಲು ನೋಡಿ, ಎಡ್ಡಿ ಮ್ಯಾಥ್ಯೂಸ್, ಮುಂದೆ ಒಟ್ಟು 512 ಹೋಮ್ ರನ್ ಹೊಡೆದವನು, ಅವನ ಹಿಂದೆ ಹ್ಯಾಂಕ್ ಏರನ್, 755 ಹೋಮ್ ರನ್, ಅವನ ಹಿಂದೆ ಜೋ ಆಡ್‌ಕಾಕ್, 1954ರಲ್ಲಿ ಒಂದೇ ಮ್ಯಾಚಲ್ಲಿ ನಾಲ್ಕು ಹೋಮ್ ರನ್ನು ಮೇಲೊಂದು ಡಬಲ್ ಬಾರಿಸಿದ್ದವನು. ಏರನ್ ಆ ವರ್ಷ .355 ಆವರೇಜಲ್ಲಿ, ಅಂದ್ರೆ ಸಾವಿರ ಸಲಕ್ಕೆ 355 ಹಿಟ್ ಲೆಕ್ಕದಲ್ಲಿ, ಲೀಗಿಗೇ ಮೊದಲನೇ ಬ್ಯಾಟರ್, ಮ್ಯಾಥ್ಯೂಸ್ ಆ ವರ್ಷ 46 ಹೋಮ್ ರನ್ ಹೊಡೆದು ಲೀಗಿಗೇ ಮೊದಲು. ಇಂಥವರನ್ನ ಒಂದಲ್ಲ ಎರಡಲ್ಲ ನಾಲ್ಕು ನಾಲ್ಕು ಸಲ ಖಾಲಿ ಕೈಯಲ್ಲಿ ಕಳಿಸಿದ್ದು. ಮ್ಯಾಚಿಗೆ ಮುಂಚೆ ಪೈರೇಟ್ಸ್ ರೂಮಲ್ಲಿ ಹ್ಯಾಡಿಕ್ಸ್ ಒಬ್ಬೊಬ್ಬ ಬ್ಯಾಟರ್‌ಗೂ ಎಲ್ಲಿ ಹಾಕ್ತೀನಿ ಹೇಗೆ ಹಾಕ್ತೀನಿ ಅಂತ ಹೇಳ್ತಾ ಇದ್ನಂತೆ, ಆಗ ಮೂರನೇ ಬೇಸಿನ ಡಾನ್ ಹೋಕ್, ನೀನು ಹೇಳಿದ ಹಾಗೇ ಹಾಕಿದ್ರೆ ಇವತ್ತು ನೋ-ಹಿಟರ್ರೇ ಆಗುತ್ತೆ ಅಂದ ಅಂತ ಕಥೆ ಇದೆ. ಈ ಹೋಕ್ ಹೆಸರು ನೆನಪಿಟ್ಕೊಳ್ಳಿ.

ಈಗ ಈ ಹಾಳೆ ನೋಡಿ. ಇದನ್ನ ನಾನೇ ಗೆರೆ ಹಾಕಿ ತುಂಬಿಸಿದ್ದು, ಒಂದೊಂದು ಆಟ ಓದ್ಕೊಂಡು. ಬೇಸ್‌ಬಾಲ್ ಸ್ಕೋರ್ ಬರೆಯೋದು ಹೀಗೆ, ಪ್ರತಿ ಫೀಲ್ಡರ್‌ಗೂ ಒಂದು ನಂಬರ್, ಪಿಚರ್ 1, ಬ್ಯಾಟರ್ ಹಿಂದೆ ಕೂರೋ ಕ್ಯಾಚರ್ 2, ಮೊದಲ ಬೇಸ್ 3, ಎರಡನೇದು 4, ಮೂರನೇದು 5, ಶಾರ್ಟ್‌ಸ್ಟಾಪ್ 6, ಔಟ್‌ಫೀಲ್ಡಲ್ಲಿ ಎಡ 7, ಮಧ್ಯ 8, ಬಲ 9. ಬಾಲು ಮೂರನೇ ಬೇಸಿನವನ ಕೈಗೆ ಹೋಗಿ ಅವನು ಮೊದಲ ಬೇಸಿಗೆ ಎಸೆದು ಔಟಾದ್ರೆ 5-3 ಅಂತ ಬರೀತಾರೆ. ಬ್ಯಾಟರ್‌ಗೆ ಒಂದೊಂದು ಸಲಕ್ಕೂ ಒಂದು ಚೌಕ, ಚೌಕದೊಳಗೆ ನಾಲ್ಕು ಬೇಸಿನ ವಜ್ರದ ಆಕಾರ ಇರುತ್ತೆ, ಅವನು ಎಷ್ಟು ಬೇಸ್ ಮುಟ್ಟಿದ್ನೋ ಅಷ್ಟು ಗೆರೆ ತಿದ್ದಬೇಕು. ಬ್ರೇವ್ಸ್ ಕಡೆ ಹಾಳೇಲಿ ಮೂವತ್ತಾರು ಚೌಕದಲ್ಲಿ ಒಂದು ವಜ್ರದ ಒಂದು ಗೆರೇನೂ ತಿದ್ದಿಲ್ಲ. ಬರೀ ನಂಬರ್ರು, ಎಂಟು ಕಡೆ ಸ್ಟ್ರೈಕೌಟಿನ ಗುರುತು, ಅಂದ್ರೆ ಪಿಚರ್ ತಾನೇ ಬ್ಯಾಟರ್‌ನ ಔಟ್ ಮಾಡಿದ್ದು. ಕೈಯಲ್ಲಿ ಪೆನ್ಸಿಲ್ ಹಿಡ್ಕೊಂಡು ತುಂಬಿಸೋವಾಗ ಆಗೋ ಅನುಭವ ಬೇರೇನೇ, ಏಳನೇ ಇನ್ನಿಂಗ್ಸ್ ದಾಟಿದ್ಮೇಲೆ, ಮುಂದೆ ಏನಾಗುತ್ತೆ ಅಂತ ಗೊತ್ತಿದ್ರೂ, ನನ್ನ ಕೈ ನಿಧಾನ ಆಯ್ತು.

ಇನ್ನೊಂದು ಗಮನಿಸಿ. ಬ್ಯಾಟಿಂಗ್ ಸಾಲಲ್ಲಿ ಒಂಬತ್ತು ಜನ, ಮೂರು ಇನ್ನಿಂಗ್ಸಿಗೆ ಒಂಬತ್ತು ಔಟ್. ಯಾರೂ ಬೇಸ್ ಮುಟ್ಟದೇ ಇದ್ದಿದ್ದರಿಂದ ಪ್ರತಿ ಮೂರು ಇನ್ನಿಂಗ್ಸಿಗೆ ಸರಿಯಾಗಿ ಒಂದು ಸುತ್ತು. ಮೂರರ ಕೊನೆಗೆ, ಆರರ ಕೊನೆಗೆ, ಒಂಬತ್ತರ ಕೊನೆಗೆ, ಹನ್ನೆರಡರ ಕೊನೆಗೆ, ನಾಲ್ಕು ಸಲಾನೂ ಕೊನೇ ಔಟ್ ಒಂಬತ್ತನೇ ಜಾಗದ ಲ್ಯೂ ಬರ್ಡೆಟ್ಟೇ, ಎದುರಾಳಿ ಪಿಚರ್. ನಾಲ್ಕು ಸುತ್ತು ಗಡಿಯಾರ ತಿರುಗಿದ ಹಾಗೆ.

ಆಗ ಒಬ್ರು ಕೇಳಿದ್ರು, ಒಂಬತ್ತು ಇನ್ನಿಂಗ್ಸಿಗೇ ಪರ್ಫೆಕ್ಟ್ ಆದ್ಮೇಲೆ ಮ್ಯಾಚ್ ಯಾಕೆ ಮುಗೀಲಿಲ್ಲ ಅಂತ. ಸರಿಯಾದ ಪ್ರಶ್ನೆ, ಇಡೀ ಕಥೆ ಅಲ್ಲೇ ಇರೋದು. ಯಾಕಂದ್ರೆ ಪಿಚರ್ ರನ್ ತಡೀಬಹುದು ಅಷ್ಟೇ, ರನ್ ಮಾಡೋದು ಅವನ ಕೈಯಲ್ಲಿ ಇಲ್ಲ. ಪೈರೇಟ್ಸ್ ಹುಡುಗರು ಒಂದು ರನ್ ಮಾಡಿದ್ರೆ ಸಾಕಿತ್ತು, ಒಂದೇ ಒಂದು. ಅವರು ಹೊಡೀಲಿಲ್ಲ ಅಂತಲ್ಲ, ಬರ್ಡೆಟ್ ಮೇಲೆ ಹನ್ನೆರಡು ಹಿಟ್ ಹೊಡೆದ್ರು! ಹನ್ನೆರಡು ಹಿಟ್, ಸೊನ್ನೆ ರನ್.

ಮೂರನೇ ಇನ್ನಿಂಗ್ಸಲ್ಲಿ ಆಗಿದ್ದನ್ನ ಹೇಳ್ಲೇಬೇಕು. ಅವತ್ತು ಪೈರೇಟ್ಸ್‌ನ ರೊಬರ್ಟೊ ಕ್ಲೆಮೆಂಟೆ ಆಡ್ತಿರಲಿಲ್ಲ, ಡಿಕ್ ಗ್ರೋಟ್‌ನೂ ಕೂರಿಸಿದ್ರು, ಕ್ಲೆಮೆಂಟೆ ಜಾಗದಲ್ಲಿ ರೋಮನ್ ಮೆಹಿಯಾಸ್. ಹೋಕ್ ಹಿಟ್ ಹೊಡೆದು ಮೊದಲ ಬೇಸಿಗೆ ಬಂದ, ಮೆಹಿಯಾಸ್ ಹೊಡೆದಿದ್ದಕ್ಕೆ ಹೋಕ್ ಔಟಾಗಿ ಮೆಹಿಯಾಸ್ ಬೇಸಲ್ಲಿ ನಿಂತ, ಆಮೇಲೆ ಹ್ಯಾಡಿಕ್ಸೇ ಬ್ಯಾಟಿಂಗಿಗೆ ಬಂದು ಒಂದು ಬಿಟ್ಟ ನೋಡಿ, ಬರ್ಡೆಟ್ ಕಾಲಿಗೆ ಬಡಿದು ಬಾಲು ಪಕ್ಕಕ್ಕೆ ಹೋಯ್ತು, ಮೆಹಿಯಾಸ್ ಎರಡನೇ ಬೇಸಲ್ಲಿ ನಿಲ್ಲಲಿಲ್ಲ, ಮೂರನೇದಕ್ಕೂ ಓಡಿದ, ಅಲ್ಲಿ ಔಟ್. ಅದರ ಹಿಂದೇನೇ ಸ್ಕೋಫೀಲ್ಡ್ ಬಲಗಡೆಗೆ ಇನ್ನೊಂದು ಹಿಟ್ ಹೊಡೆದ, ಹ್ಯಾಡಿಕ್ಸ್ ಮೂರನೇ ಬೇಸ್ ತಲುಪಿದ, ಅಷ್ಟಕ್ಕೇ ನಿಂತೋಯ್ತು. ಒಂದೇ ಇನ್ನಿಂಗ್ಸಲ್ಲಿ ಮೂರು ಹಿಟ್, ರನ್ ಇಲ್ಲ. ಮೆಹಿಯಾಸ್ ಎರಡನೇ ಬೇಸಲ್ಲಿ ಸುಮ್ನೆ ನಿಂತಿದ್ರೆ ಆ ಸ್ಕೋಫೀಲ್ಡ್ ಹಿಟ್ಟಿಗೆ ಮನೆ ಮುಟ್ತಿದ್ದ, ಆಗ 1-0, ಒಂಬತ್ತನೇ ಇನ್ನಿಂಗ್ಸಿಗೆ ಮ್ಯಾಚ್ ಮುಗೀತಿತ್ತು, ಹ್ಯಾಡಿಕ್ಸ್ ಹೆಸರು ಇವತ್ತು ಪರ್ಫೆಕ್ಟ್ ಗೇಮ್ ಪಟ್ಟೀಲಿ ಇರ್ತಿತ್ತು. ಮೆಹಿಯಾಸ್ ಮೇಲೆ ನನಗೆ ಕೋಪ ಇಲ್ಲ. ಮೂರನೇ ಇನ್ನಿಂಗ್ಸಲ್ಲಿ ಓಡೋವಾಗ ಇದು ಎಂಥ ಮ್ಯಾಚ್ ಆಗ್ತಿದೆ ಅಂತ ಯಾವನಿಗೆ ಗೊತ್ತಿರುತ್ತೆ ಹೇಳಿ.

ಏಳನೇದರಲ್ಲಿ ಬಾಬ್ ಸ್ಕಿನ್ನರ್ ಬಲಗಡೆ ಎತ್ತಿ ಹೊಡೆದಿದ್ದು ಹೋಗೇ ಹೋಯ್ತು ಅನ್ನೋ ಹಾಗಿತ್ತು, ಎದುರುಗಾಳಿ ಹಿಡ್ಕೊಂಡ್ತು, ಏರನ್ ಫೆನ್ಸ್ ಹತ್ರ ಕ್ಯಾಚ್ ತಗೊಂಡ. ಹತ್ತನೇದರಲ್ಲಿ ಡಿಕ್ ಸ್ಟುವರ್ಟ್ ಹೊಡೆದಿದ್ದೂ ಹಾಗೇ, ದೂರ ಹೋಗಿ ಕೈಗೆ ಸಿಕ್ತು. ಬರ್ಡೆಟ್‌ಗೆ ನ್ಯಾಯ ಮಾಡ್ಬೇಕು ಇಲ್ಲಿ, ಅವನೂ ಹದಿಮೂರು ಇನ್ನಿಂಗ್ಸ್ ಒಬ್ಬನೇ ಹಾಕ್ದ, ಒಂದೂ ವಾಕ್ ಕೊಡಲಿಲ್ಲ, ಬೇಸ್ ಮೇಲೆ ಜನ ನಿಂತಾಗೆಲ್ಲ ತಲೆ ತಣ್ಣಗೆ ಇಟ್ಕೊಂಡು ಮುಗಿಸ್ದ. 1957ರ ವರ್ಲ್ಡ್ ಸೀರೀಸಲ್ಲಿ ಯಾಂಕೀಸ್ ಮೇಲೆ ಮೂರು ಮ್ಯಾಚ್ ಗೆದ್ದವನು ಅವನೇ. ಆ ರಾತ್ರಿ ಇಬ್ರು ಒಳ್ಳೆ ಪಿಚರ್‌ಗಳಿದ್ರು, ಒಬ್ಬನ ಬಗ್ಗೆ ಮಾತ್ರ ನಾವು ಮಾತಾಡ್ತೀವಿ.

ಇನ್ನೊಂದು ವಿಷಯ ಮೂವತ್ತು ವರ್ಷ ಆದ್ಮೇಲೆ ಹೊರಗೆ ಬಂತು. 1989ರಲ್ಲಿ ಎರಡೂ ಟೀಮಿನ ಹಳಬರು ಸೇರಿದ್ದ ಒಂದು ಊಟದಲ್ಲಿ ಬ್ರೇವ್ಸ್‌ನ ಹಳೇ ಪಿಚರ್ ಬಾಬ್ ಬ್ಯೂಲ್ ಹ್ಯಾಡಿಕ್ಸ್‌ಗೇ ಹೇಳ್ದ, ಆವತ್ತು ನಾವು ನಿಮ್ಮ ಸಿಗ್ನಲ್ ಕದೀತಿದ್ವಿ ಅಂತ. ಪೈರೇಟ್ಸ್ ಕ್ಯಾಚರ್ ಸ್ಮೋಕಿ ಬರ್ಜೆಸ್ ಪೂರ್ತಿ ಬಗ್ಗಿ ಕೂರ್ತಿರಲಿಲ್ಲ, ಯಾವ ಬಾಲು ಹಾಕ್ಬೇಕು ಅಂತ ಪಿಚರ್‌ಗೆ ಬೆರಳಲ್ಲಿ ತೋರಿಸೋ ಸನ್ನೆ ದೂರದಿಂದ ಕಾಣ್ತಿತ್ತು, ಬ್ರೇವ್ಸ್ ಬುಲ್‌ಪೆನ್ನಲ್ಲಿ, ಅಂದ್ರೆ ಪಿಚರ್‌ಗಳು ಕಾಯೋ ಜಾಗದಲ್ಲಿ, ಕೂತಿದ್ದ ಪಿಚರ್‌ಗಳು ಅದನ್ನ ನೋಡ್ಕೊಂಡು ಒಂದು ಟವೆಲ್ ಜಾಗ ಬದಲಾಯಿಸ್ತಿದ್ರು, ಹೀಗಿಟ್ರೆ ಫಾಸ್ಟ್‌ಬಾಲ್, ಹಾಗಿಟ್ರೆ ತಿರುಗೋ ಬಾಲ್. ಹ್ಯಾಡಿಕ್ಸ್ ಆವತ್ತು ಹಾಕಿದ್ದೇ ಈ ಎರಡು ಥರ. ಒಬ್ಬ ಏರನ್ ಬಿಟ್ಟು ಮಿಕ್ಕವರೆಲ್ಲ ಆ ಸನ್ನೆ ತಗೊಂಡೇ ಆಡ್ತಿದ್ರಂತೆ. ಅಂದ್ರೆ ಮುಂದಿನ ಬಾಲು ಯಾವುದು ಅಂತ ಮೊದಲೇ ಗೊತ್ತಿದ್ದು, ಆದ್ರೂ ಹೊಡೆಯಕ್ಕೆ ಆಗ್ಲಿಲ್ಲ, ಮೂವತ್ತಾರು ಸಲ ಆಗ್ಲಿಲ್ಲ. ಇದನ್ನ ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಬಾಲಿನ ವೇಗ, ತಿರುವು ಇವೆಲ್ಲಕ್ಕಿಂತ ಬಾಲ್ ಬೀಳೋ ಜಾಗ ದೊಡ್ಡದು ಅಂತ ನಾವು ಸ್ಪಿನ್ನರ್‌ಗಳಿಗೆ ಹೇಳ್ತಾನೇ ಇರ್ತೀವಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಮೈದಾನದಲ್ಲಿ 19,194 ಜನ ಇದ್ರು, ಎಲ್ಲ ಮಿಲ್ವಾಕಿಯವರು, ಬ್ರೇವ್ಸ್ ಗೆಲ್ಲಲಿ ಅಂತ ಬಂದವರು. ಒಂಬತ್ತನೇದು ಮುಗಿಯೋ ಹೊತ್ತಿಗೆ ಅವರೇ ಹ್ಯಾಡಿಕ್ಸ್‌ಗೆ ಚಪ್ಪಾಳೆ ತಟ್ಟಕ್ಕೆ ಶುರು ಮಾಡಿದ್ರು. ಹ್ಯಾಡಿಕ್ಸ್‌ಗೆ ಹಿಟ್ ಕೊಟ್ಟಿಲ್ಲ ಅಂತ ಗೊತ್ತಿತ್ತು, ಆದ್ರೆ ಪರ್ಫೆಕ್ಟ್ ಅಂತ ಗ್ಯಾರಂಟಿ ಇರಲಿಲ್ಲ, ಮಧ್ಯೆ ಎಲ್ಲೋ ಯಾರಿಗೋ ಒಂದು ವಾಕ್ ಕೊಟ್ಟಿರಬೇಕು ಅಂದ್ಕೊಂಡಿದ್ದೆ ಅಂತ ಆಮೇಲೆ ಹೇಳ್ದ.

ಸರಿ, ಹದಿಮೂರನೇ ಇನ್ನಿಂಗ್ಸ್. ಇಲ್ಲಿಂದ ನಿಧಾನವಾಗಿ ಹೋಗೋಣ.

ಸಾಲು ಮತ್ತೆ ಮೊದಲಿಂದ, ಐದನೇ ಸುತ್ತು. ಮೊದಲನೇ ಜಾಗದಲ್ಲಿ ಈಗ ಫೆಲಿಕ್ಸ್ ಮಂಟಿಯಾ, ಹನ್ನೊಂದನೇ ಇನ್ನಿಂಗ್ಸಲ್ಲಿ ಬದಲಿಯಾಗಿ ಒಳಗೆ ಬಂದವನು. ಅವನು ನೆಲಕ್ಕೆ ಹೊಡೆದ, ಬಾಲು ಸೀದಾ ಮೂರನೇ ಬೇಸಿಗೆ, ಡಾನ್ ಹೋಕ್ ಹತ್ರ. ಆರಾಮದ ಬಾಲು. ಹೋಕ್ ಹಿಡಿದ, ಟೈಮಿತ್ತು, ಎಸೆದ, ಎಸೆದಿದ್ದು ಕೆಳಗಾಯ್ತು, ಮೊದಲ ಬೇಸಿನ ರಾಕಿ ನೆಲ್ಸನ್‌ಗೆ ಹಿಡಿಯಕ್ಕೆ ಆಗ್ಲಿಲ್ಲ. ಮಂಟಿಯಾ ಮೊದಲ ಬೇಸಲ್ಲಿ ಸೇಫ್. ನನ್ನ ಹಾಳೇಲಿ ಮೂವತ್ತೇಳನೇ ಚೌಕ ನೋಡಿ, ಇ5. ಇ ಅಂದ್ರೆ ಎರರ್, 5 ಅಂದ್ರೆ ಮೂರನೇ ಬೇಸು. ಎರಡು ಅಕ್ಷರದಲ್ಲಿ ಪರ್ಫೆಕ್ಟ್ ಗೇಮ್ ಹೋಯ್ತು, ನೋ-ಹಿಟರ್ ಮಾತ್ರ ಇನ್ನೂ ಉಳಿದಿತ್ತು. ಮ್ಯಾಚಿಗೆ ಮುಂಚೆ ನೋ-ಹಿಟರ್ ಆಗುತ್ತೆ ಅಂದ ಅದೇ ಹೋಕ್.

ಮುಂದಿನವನು ಮ್ಯಾಥ್ಯೂಸ್. ಆ ವರ್ಷ ಲೀಗಲ್ಲೇ ಜಾಸ್ತಿ ಹೋಮ್ ರನ್ ಹೊಡೆದವನು ಏನು ಮಾಡ್ದ ಅಂದ್ರೆ, ಬಂಟ್, ಬ್ಯಾಟ್ ಮುಂದಿಟ್ಟು ಮೆತ್ತಗೆ ತಟ್ಟಿ ತಾನು ಔಟಾಗಿ ಮಂಟಿಯಾನ ಎರಡನೇ ಬೇಸಿಗೆ ದಾಟಿಸ್ದ. ಹ್ಯಾಡಿಕ್ಸ್‌ಗೆ ಅವರು ಕೊಟ್ಟ ಮರ್ಯಾದೆ ಅದು ಅಂತ ನಾನು ಓದ್ಕೋತೀನಿ, ಹೊಡೆದು ಗೆಲ್ಲೋ ಆಸೆ ಬಿಟ್ಟಿದ್ರು. ಆಮೇಲೆ ಏರನ್, ಅವನಿಗೆ ಬೇಕಂತಲೇ ವಾಕ್ ಕೊಟ್ರು, ಮೊದಲ ಬೇಸ್ ತುಂಬಿದ್ರೆ ಡಬಲ್ ಪ್ಲೇ, ಅಂದ್ರೆ ಒಂದೇ ಹೊಡೆತಕ್ಕೆ ಇಬ್ರು ಔಟ್, ಸಿಗಬಹುದು ಅಂತ. ನಂತರ ಆಡ್‌ಕಾಕ್. ಹ್ಯಾಡಿಕ್ಸ್ ಹಾಕಿದ ಒಂದು ಬಾಲು ಸ್ವಲ್ಪ ಮೇಲೆ ಬಂತು, ಆಡ್‌ಕಾಕ್ ಬಲ-ಮಧ್ಯದ ಕಡೆ ಎತ್ತಿದ, ಮಧ್ಯದ ಫೀಲ್ಡರ್ ಬಿಲ್ ವರ್ಡನ್ ಹಿಂದೆ ಹಿಂದೆ ಓಡಿದ, ಬಾಲು ಫೆನ್ಸ್ ಆಚೆ ಬಿತ್ತು. ಆ ರಾತ್ರಿ ಬ್ರೇವ್ಸ್‌ಗೆ ಸಿಕ್ಕ ಮೊದಲ ಹಿಟ್, ಒಂದೇ ಹಿಟ್. ಹೋಮ್ ರನ್, ಮೂರು ಜನ ಮನೆಗೆ, 3-0, ಮುಗೀತು ಅಲ್ವಾ?

ಮುಗೀಲಿಲ್ಲ. ಏರನ್‌ಗೆ ಬಾಲು ಫೆನ್ಸ್ ದಾಟಿದ್ದು ಗೊತ್ತಾಗ್ಲಿಲ್ಲ. ಮಂಟಿಯಾ ಹೋಮ್ ಮುಟ್ಟಿದ್ರೆ ಮ್ಯಾಚ್ ಆಯ್ತಲ್ಲ ಅಂದ್ಕೊಂಡು ಎರಡನೇ ಬೇಸ್ ಮುಟ್ಟಿ ಅಡ್ಡ ತಿರುಗಿ ಡಗೌಟ್ ಕಡೆ ನಡೆದ. ಆಡ್‌ಕಾಕ್ ತಲೆ ಬಗ್ಗಿಸ್ಕೊಂಡು ಓಡ್ತಾನೇ ಇದ್ದ, ಏರನ್‌ನ ದಾಟಿ ಮುಂದೆ ಹೋದ. ರೂಲ್ ಪ್ರಕಾರ ಹಿಂದಿನ ಓಟಗಾರ ಮುಂದಿನವನನ್ನ ದಾಟೋ ಹಾಗಿಲ್ಲ, ದಾಟಿದವನು ಔಟ್. ಆಡ್‌ಕಾಕ್ ಔಟ್. ಅಂಪೈರ್‌ಗಳು ಲೆಕ್ಕ ಹಾಕಿ ಆ ರಾತ್ರಿ 2-0 ಅಂದ್ರು, ಜನ 2-0 ಅಂದ್ಕೊಂಡೇ ಮನೆಗೆ ಹೋದ್ರು. ಆಮೇಲೆ ನ್ಯಾಷನಲ್ ಲೀಗ್ ಅಧ್ಯಕ್ಷ ವಾರನ್ ಗೈಲ್ಸ್ ಆಫೀಸಲ್ಲಿ ಕೂತು ತೀರ್ಮಾನ ಕೊಟ್ರು, ಆಡ್‌ಕಾಕ್ ಔಟಾಗಿದ್ದರಿಂದ ಅದು ಹೋಮ್ ರನ್ನೇ ಅಲ್ಲ, ಡಬಲ್, ಹೋಮ್ ರನ್ ಅಲ್ಲ ಅಂದ್ರೆ ಗೆಲ್ಲಕ್ಕೆ ಬೇಕಾದ ರನ್ ಬಂದ ಕ್ಷಣಕ್ಕೆ ಆಟ ಮುಗೀತು, ಅಂದ್ರೆ ಮಂಟಿಯಾ ರನ್ ಮಾತ್ರ ಲೆಕ್ಕಕ್ಕೆ. 1-0.

ನಾವು ಸ್ಕೋರರ್‌ಗಳಿಗೆ ಇದು ಎಷ್ಟು ದೊಡ್ಡ ಪಾಠ ನೋಡಿ. ಒಂದೇ ಹೊಡೆತ, ಮೂರು ಫಲಿತಾಂಶ. ಕಣ್ಣಿಗೆ ಕಂಡಿದ್ದು ಮೂರು, ರಾತ್ರಿ ಹೇಳಿದ್ದು ಎರಡು, ಕೊನೆಗೆ ಬರೆದಿದ್ದು ಒಂದು. ಯಾವುದಾದ್ರೂ ಹ್ಯಾಡಿಕ್ಸ್ ಸೋತಿದ್ದೇ ಹೌದು, ಅದು ಬದಲಾಗ್ಲಿಲ್ಲ. ಆ ಆಡ್‌ಕಾಕ್ ಔಟ್‌ನ ಕೂಡ ಲೆಕ್ಕಕ್ಕೆ ತಗೊಂಡ್ರು, ಅದಕ್ಕೇ ಹ್ಯಾಡಿಕ್ಸ್ ಹಾಕಿದ್ದು ಹನ್ನೆರಡು ಮತ್ತು ಮೂರನೇ ಎರಡು ಇನ್ನಿಂಗ್ಸ್ ಅಂತ ಬರೆದಿರೋದು. ಒಟ್ಟು 115 ಪಿಚ್. ಇವತ್ತು ಪಿಚರ್‌ಗಳು ಆರೇ ಇನ್ನಿಂಗ್ಸಿಗೆ ನೂರು ಮುಟ್ಟಿಬಿಡ್ತಾರೆ, ಇವನು ಹತ್ರ ಹತ್ರ ಹದಿಮೂರು ಇನ್ನಿಂಗ್ಸಿಗೆ 115.

ಆ ಒಂದು ಗೆಲುವು ಬ್ರೇವ್ಸ್‌ಗೆ ಎಷ್ಟು ಬೇಕಾಗಿತ್ತು ಅಂದ್ರೆ, ಸೀಸನ್ ಕೊನೆಗೆ ಲಾಸ್ ಏಂಜಲಿಸ್ ಡಾಡ್ಜರ್ಸ್ ಜೊತೆ ಸರಿಸಮ, 86 ಗೆಲುವು 68 ಸೋಲು. ಹೋಕ್ ಆ ಬಾಲನ್ನ ಸರಿಯಾಗಿ ಎಸೆದು ಪೈರೇಟ್ಸ್ ಆಮೇಲೆ ಗೆದ್ದಿದ್ರೆ ಆ ಸರಿಸಮಾನೇ ಇರ್ತಿರಲಿಲ್ಲ. ಯಾರು ಮೇಲು ಅಂತ ತೀರ್ಮಾನ ಮಾಡಕ್ಕೆ ಆಡಿದ ಪ್ಲೇಆಫಲ್ಲಿ ಬ್ರೇವ್ಸ್ ಎರಡೂ ಮ್ಯಾಚ್ ಸೋತ್ರು ಅನ್ನೋದು ಬೇರೆ ಮಾತು.

ಈಗ ನನಗೆ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರ್ತೀನಿ, 1991. ಬೇಸ್‌ಬಾಲ್‌ನ ದಾಖಲೆಗಳನ್ನ ಸರಿಮಾಡೋ ಒಂದು ಸಮಿತಿ ಕೂತು ನೋ-ಹಿಟರ್ ಅಂದ್ರೇನು ಅಂತ ಹೊಸದಾಗಿ ಬರೀತು. ಒಂಬತ್ತು ಅಥವಾ ಜಾಸ್ತಿ ಇನ್ನಿಂಗ್ಸಿನ ಮ್ಯಾಚು, ಪೂರ್ತಿ ಮುಗಿದಿರಬೇಕು, ಕೊನೆವರೆಗೂ ಒಂದೂ ಹಿಟ್ ಇರಬಾರದು. ಅದರ ಪ್ರಕಾರ ಹಳೇ ಪಟ್ಟಿಯಿಂದ 50 ಮ್ಯಾಚ್ ತೆಗೆದುಹಾಕಿದ್ರು, ಮಳೆ ಬಂದು ಐದಾರು ಇನ್ನಿಂಗ್ಸಿಗೇ ನಿಂತಿದ್ದು, ಕತ್ತಲಾಗಿ ನಿಲ್ಲಿಸಿದ್ದು ಇಂಥವೆಲ್ಲ. ಅವುಗಳ ಜೊತೆ ಹ್ಯಾಡಿಕ್ಸ್ ಮ್ಯಾಚೂ ಹೋಯ್ತು. ಐದು ಇನ್ನಿಂಗ್ಸ್ ಮಳೆ ಮ್ಯಾಚನ್ನ ತೆಗೀರಿ, ನಾನು ಒಪ್ತೀನಿ. ಹನ್ನೆರಡು ಇನ್ನಿಂಗ್ಸ್ ಪರ್ಫೆಕ್ಟ್ ಹಾಕಿದ್ದನ್ನ ಅದೇ ಬುಟ್ಟಿಗೆ ಹಾಕೋದನ್ನ ನಾನು ಒಪ್ಪಲ್ಲ, ಯಾವತ್ತೂ ಒಪ್ಪಲ್ಲ. ಒಂದು ಕಡೆ ಕಮ್ಮಿ ಕೆಲಸ ಮಾಡಿದವರು, ಇನ್ನೊಂದು ಕಡೆ ಬೇಕಾಗಿದ್ದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಮಾಡಿದವನು, ಇಬ್ಬರಿಗೂ ಒಂದೇ ಗೆರೆ ಎಳೆದ್ರು. ಇಪ್ಪತ್ತೇಳು ಜನರನ್ನ ಔಟ್ ಮಾಡಿದವರ ಪಟ್ಟೀಲಿ ಮೂವತ್ತಾರು ಜನರನ್ನ ಔಟ್ ಮಾಡಿದವನು ಇಲ್ಲ ಅಂದ್ರೆ ಆ ಪಟ್ಟಿ ಏನು ಹೇಳ್ತಿದೆ?

ಇಲ್ಲಿ ಒಬ್ಬ ಹಿರಿಯರು ಎದ್ದು ವಾದ ಮಾಡಿದ್ರು, ರೂಲ್ ಅಂದ್ಮೇಲೆ ರೂಲ್, ಮ್ಯಾಚ್ ಮುಗಿದಾಗ ಬೋರ್ಡ್ ಮೇಲೆ ಒಂದು ಹಿಟ್ ಇತ್ತು ತಾನೇ ಅಂತ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ನಾವು ಸ್ಕೋರರ್‌ಗಳು ರೂಲ್ ಬಿಟ್ಟು ಒಂದು ಚುಕ್ಕಿ ಇಡೋ ಹಾಗಿಲ್ಲ. ಆದ್ರೆ ರೂಲ್ ಬರೆಯೋವಾಗ ಈ ಮ್ಯಾಚ್ ಕಣ್ಣ ಮುಂದೆ ಇತ್ತಲ್ಲ ಸಾರ್, ಇದಕ್ಕೆ ಅಂತ ಒಂದು ಬೇರೆ ಸಾಲು ಬರೆಯಕ್ಕೆ ಆಗ್ತಿರಲಿಲ್ವಾ? 1995ರಲ್ಲಿ ಪೆಡ್ರೊ ಮಾರ್ಟಿನೆಜ್‌ಗೂ ಹೀಗೇ ಆಯ್ತು, ಒಂಬತ್ತು ಇನ್ನಿಂಗ್ಸ್ ಪರ್ಫೆಕ್ಟು, ಹತ್ತನೇದರಲ್ಲಿ ಹಿಟ್, ಅವನ ಟೀಮ್ 1-0 ಗೆದ್ರೂ ಪಟ್ಟೀಲಿ ಜಾಗ ಇಲ್ಲ. 2017ರಲ್ಲಂತೂ ರಿಚ್ ಹಿಲ್ ಅಂತ ಇನ್ನೊಬ್ಬ ಎಡಗೈ ಪಿಚರ್, ಎಂಟು ಇನ್ನಿಂಗ್ಸ್ ಪರ್ಫೆಕ್ಟ್ ಹಾಕಿ, ಒಂಬತ್ತನೇದರಲ್ಲಿ ಮೂರನೇ ಬೇಸಿನವನ ಎರರ್, ಅದೇ ಇ5, ಹತ್ತನೇದರಲ್ಲಿ ಹೋಮ್ ರನ್ ತಿಂದು 1-0 ಸೋತ. ಎದುರಾಳಿ ಯಾರು ಗೊತ್ತಾ, ಪಿಟ್ಸ್‌ಬರ್ಗ್ ಪೈರೇಟ್ಸ್.

1991ರ ಸುದ್ದಿ ಹೇಳಿದಾಗ ಹ್ಯಾಡಿಕ್ಸ್ ಅಂದಿದ್ದು ಇಷ್ಟೇ, ಪರವಾಗಿಲ್ಲ, ನಾನೇನು ಮಾಡಿದ್ದೆ ಅಂತ ನನಗೆ ಗೊತ್ತು. ಮೂರು ವರ್ಷದೊಳಗೆ, 1994ರ ಜನವರಿಯಲ್ಲಿ, ಒಹಾಯೊದಲ್ಲೇ ತೀರ್ಕೊಂಡ.

ಕೊನೇ ಪ್ರಶ್ನೆ ಒಬ್ಬ ಹುಡುಗಿ ಕೇಳಿದ್ದು, ಹೊಸದಾಗಿ ಸ್ಕೋರಿಂಗ್ ಕಲೀತಿರೋ ಹುಡುಗಿ. ಹ್ಯಾಡಿಕ್ಸ್‌ಗೆ ಆಮೇಲೆ ಒಳ್ಳೇದೇನೂ ಆಗ್ಲೇ ಇಲ್ವಾ ಸಾರ್ ಅಂತ. ಆಯ್ತಮ್ಮ. ಮುಂದಿನ ವರ್ಷಾನೇ, 1960ರಲ್ಲಿ, ಪೈರೇಟ್ಸ್ ವರ್ಲ್ಡ್ ಸೀರೀಸಿಗೆ ಹೋಯ್ತು, ಎದುರಿಗೆ ಯಾಂಕೀಸ್. ಹ್ಯಾಡಿಕ್ಸ್ ಐದನೇ ಮ್ಯಾಚ್ ಗೆದ್ದುಕೊಟ್ಟ. ಅಕ್ಟೋಬರ್ 13ರಂದು ಏಳನೇ ಮ್ಯಾಚ್, ಒಂಬತ್ತನೇ ಇನ್ನಿಂಗ್ಸಲ್ಲಿ ಪೈರೇಟ್ಸ್ 9-7 ಮುಂದಿತ್ತು, ಯಾಂಕೀಸ್‌ನ ಇಬ್ರು ಬೇಸ್ ಮೇಲೆ ಇದ್ದಾಗ ಹ್ಯಾಡಿಕ್ಸ್‌ನ ಕರೆದ್ರು. ಅವನು ಇದ್ದಾಗಲೇ ಯಾಂಕೀಸ್ ಎರಡು ರನ್ ಮಾಡಿ 9-9 ಮಾಡ್ಕೊಂಡ್ರು, ಅಲ್ಲಿಗೆ ತಡೆದು ನಿಲ್ಲಿಸ್ದ. ಅದೇ ಇನ್ನಿಂಗ್ಸಿನ ಕೆಳಗಿನ ಅರ್ಧದಲ್ಲಿ, ಅಂದ್ರೆ ಪೈರೇಟ್ಸ್ ಬ್ಯಾಟಿಂಗಲ್ಲಿ, ಮೊದಲನೇ ಬ್ಯಾಟರ್ ಬಿಲ್ ಮ್ಯಾಝೆರೋಸ್ಕಿ, ಮಿಲ್ವಾಕಿಯಲ್ಲಿ ಆ ರಾತ್ರಿ ಹ್ಯಾಡಿಕ್ಸ್ ಹಿಂದೆ ಎರಡನೇ ಬೇಸಲ್ಲಿ ನಿಂತಿದ್ದವನು, ಎಡಗಡೆ ಗೋಡೆ ಆಚೆ ಎತ್ತಿ ಹಾಕ್ದ, 10-9, ಪೈರೇಟ್ಸ್ ಚಾಂಪಿಯನ್. ಹೋಕ್, ವರ್ಡನ್, ನೆಲ್ಸನ್, ಬರ್ಜೆಸ್, ಸ್ಕಿನ್ನರ್, ಎಲ್ಲ ಆ ಟೀಮಲ್ಲೇ ಇದ್ರು. ಆ ಮ್ಯಾಚಿನ ಶೀಟೂ ತಂದಿದೀನಿ, ಈ ಕೊನೇ ಸಾಲಲ್ಲಿ ಪಿಚರ್‌ಗಳ ಹೆಸರಿದೆ ನೋಡು, ಹಾಕಿದ್ದು ಒಂದೇ ಒಂದು ಇನ್ನಿಂಗ್ಸ್, ಆದ್ರೆ ಹ್ಯಾಡಿಕ್ಸ್ ಪಕ್ಕದಲ್ಲಿ ಡಬ್ಲ್ಯೂ, ಅಂದ್ರೆ ವಿನ್, ಅಂತ ಬರೆದಿದೆ.